ಮೇಷ್ಟರಿಲ್ಲದೆ ಓದಿದ ಕಲಾ ಇತಿಹಾಸ

ಅಮೆರಿಕದ ಕಾಲೇಜ್ ಬೋರ್ಡ್ ನಡೆಸುವ, ಪದವಿಗೆ ಸೇರುವ ಮೊದಲೇ ಬರೆಯುವ ಪದವಿ ಮಟ್ಟದ ಎ.ಪಿ. (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಕಲಾ ಇತಿಹಾಸ ಪರೀಕ್ಷೆಯ ಪಠ್ಯಕ್ರಮದಲ್ಲಿ 250 ಕೃತಿಗಳಿವೆ. ಪ್ರತಿಯೊಂದರ ಹೆಸರು, ಕಾಲ, ಮಾಧ್ಯಮಗಳನ್ನು ಬಾಯಿಪಾಠ ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಟ್ಟಿಯಲ್ಲೇ ಇಲ್ಲದ ಕೃತಿಯೊಂದನ್ನು ಮುಂದಿಟ್ಟು, ಇದು ಯಾರದ್ದು, ಹೇಗೆ ಹೇಳುತ್ತೀರಿ ಎಂದು ಕೇಳುವ ಪ್ರಶ್ನೆಯೂ ಅಲ್ಲಿ ಇರುತ್ತದೆ. ಅದಕ್ಕೆ ಕಣ್ಣು ಪಳಗಿರಬೇಕು. ಪಿಯುಸಿ ಎಂದರೆ ನೀಟ್, ಜೆಇಇ ಎಂದೇ ತಿಳಿಯುವ ಮಂಗಳೂರಿನಲ್ಲಿ ಇದಕ್ಕೆ ಟ್ಯೂಷನ್ ಎಲ್ಲಿಂದ ಬರಬೇಕು? ನಾನು ಊರನ್ನೇ ನೋಡುತ್ತ ಕಲಿತೆ.

ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಿಡಿಸುವ ಚಿತ್ರ. ಪುಸ್ತಕದಲ್ಲಿ ಇದು ಒಂದೇ ಸಾಲು. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆಗಳಿಗೆ 1899ರ ಸುಮಾರಿಗೆ ಇಟಲಿಯ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೆನಿ ಬಿಡಿಸಿದ್ದು ಇಂಥವೇ. ಗಾರೆ ಒಣಗುವ ಮೊದಲೇ ಮುಗಿಸಬೇಕಾದ್ದರಿಂದ ಒಂದು ದಿನಕ್ಕೆ ಸಾಕಾಗುವಷ್ಟೇ ಗಾರೆ ಮೆತ್ತುತ್ತಾರೆ. ಸುಣ್ಣ ಗಟ್ಟಿಯಾಗುತ್ತ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಅಲ್ಲಿ ಕ್ಯಾನ್ವಾಸ್ ಮೇಲಿನ ತೈಲವರ್ಣ ಚಿತ್ರಗಳೂ ಇವೆ. ಎರಡನ್ನೂ ಒಂದೇ ಬೆಳಕಿನಲ್ಲಿ ನೋಡಿ: ಎಣ್ಣೆಯ ಬಣ್ಣಕ್ಕಿರುವ ಮಿನುಗು ಗೋಡೆಯ ಬಣ್ಣಕ್ಕಿಲ್ಲ. ಇಟಲಿಯ ಪಾದುವಾದಲ್ಲಿ 1305ರ ಸುಮಾರಿಗೆ ಚಿತ್ರಕಾರ ಜೊಟ್ಟೊ ಬಿಡಿಸಿದ ಫ್ರೆಸ್ಕೊಗಳಲ್ಲಿ ನೀಲಿ ಮಾತ್ರ ಅಲ್ಲಲ್ಲಿ ಉದುರಿರುವುದೇಕೆ ಎಂಬುದು ನನಗೆ ಆಮೇಲೆ ಸಲೀಸಾಗಿ ಅರ್ಥವಾಯಿತು. ಆ ನೀಲಿಯನ್ನು ಒಣಗಿದ ಗಾರೆಯ ಮೇಲೆ ಬಳಿದಿದ್ದರು.

ಕದ್ರಿಯ ಲೋಕೇಶ್ವರನೂ ಹೀಗೆಯೇ ನೆರವಿಗೆ ಬಂದ. ಆಳುಪ ದೊರೆ ಕುಂದವರ್ಮನ ಕಾಲದ, ಕ್ರಿ.ಶ. 968ರ ಕಂಚಿನ ವಿಗ್ರಹವದು. ಪಠ್ಯಕ್ರಮದಲ್ಲಿರುವ ಚೋಳರ ನಟರಾಜನನ್ನು ಇದರೊಂದಿಗೆ ಹೋಲಿಸಿ ಬರೆಯುವುದು ನನ್ನ ಮೆಚ್ಚಿನ ಅಭ್ಯಾಸವಾಗಿತ್ತು. ಲೋಹ ಒಂದೇ; ಒಬ್ಬ ಅಲುಗದೆ ಕುಳಿತಿದ್ದಾನೆ, ಇನ್ನೊಬ್ಬ ಕುಣಿಯುತ್ತಿದ್ದಾನೆ.

ಕಲಾ ಇತಿಹಾಸದ ಜೊತೆಗೆ ನಾನು ಓದಿದ ಇನ್ನೊಂದು ಎ.ಪಿ. ವಿಷಯವಾದ ವಿಶ್ವ ಇತಿಹಾಸದಲ್ಲಿ ಬೆವರಿಳಿಸುವುದು ದಾಖಲೆಗಳ ಪ್ರಬಂಧ. ಏಳು ದಾಖಲೆ ಕೊಡುತ್ತಾರೆ, ಒಂದು ಗಂಟೆಯಲ್ಲಿ ವಾದ ಕಟ್ಟಬೇಕು. ಸಾರಾಂಶ ಬರೆದರೆ ಸಾಲದು. ದಾಖಲೆ ಯಾರದ್ದು, ಯಾರಿಗಾಗಿ, ಯಾವಾಗ ಎಂದು ಕೆದಕಬೇಕು. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಊರಿಗೆ ಬಂದಿದ್ದ ಮೊರಾಕೊದ ಪ್ರವಾಸಿ ಇಬ್ನ್ ಬತೂತನ ಮಾತುಗಳ ಮೇಲೆ ನಾನು ಕೈ ಪಳಗಿಸಿಕೊಂಡೆ. ಪರ್ಷಿಯಾ, ಯೆಮೆನ್‌ಗಳ ವರ್ತಕರು ಇಲ್ಲಿಗೆ ಬರುತ್ತಾರೆ, ಮೆಣಸು, ಶುಂಠಿ ಹೇರಳವಾಗಿದೆ ಎನ್ನುತ್ತಾನೆ. ಊರವರಿಗೂ ಮುಸ್ಲಿಮರಿಗೂ ಜಗಳವಾದಾಗ, ವರ್ತಕರು ಬೇಕೆಂಬ ಕಾರಣಕ್ಕೆ ಅರಸನೇ ರಾಜಿ ಮಾಡಿಸುತ್ತಾನಂತೆ. ವ್ಯಾಪಾರ ರಾಜಕೀಯವನ್ನು ಹೇಗೆ ಬಗ್ಗಿಸುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಆತ ಇದನ್ನೆಲ್ಲ ಬರೆಸಿದ್ದು ಮೊರಾಕೊಗೆ ಮರಳಿದ ಮೇಲೆ. ಅದನ್ನೂ ಉತ್ತರದಲ್ಲಿ ಹೇಳಬೇಕು.

ಹಳೆಯ ಪ್ರಬಂಧ ಪ್ರಶ್ನೆಗಳನ್ನೂ ಅಂಕ ಕೊಡುವ ಮಾನದಂಡವನ್ನೂ ಕಾಲೇಜ್ ಬೋರ್ಡೇ ಪ್ರಕಟಿಸುತ್ತದೆ. ಅದನ್ನು ಹಿಡಿದು ನನ್ನ ಉತ್ತರ ತಿದ್ದಿದವಳು ನರ್ಸಿಂಗ್ ಓದಿದ ಅಕ್ಕ. ಜೊಟ್ಟೊ ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಅದೇ ಒಳ್ಳೆಯದಾಯಿತು: ನಾನು ಬರೆಯದೆ ಬಿಟ್ಟದ್ದನ್ನು ತಾನೇ ಊಹಿಸಿಕೊಂಡು ಅಂಕ ಕೊಡುವುದು ಅವಳಿಂದ ಸಾಧ್ಯವಿರಲಿಲ್ಲ.