ಚೈನಿನ ಕರಕರ ನಿಂತದ್ದು ಹೀಗೆ

ಮಳೆ ಶುರುವಾಯಿತೆಂದರೆ ಬೆಂಗಳೂರಿನ ರಸ್ತೆಗಳ ಕೆಸರೆಲ್ಲ ಬೈಕಿನ ಚೈನಿಗೇ ಬಂದು ಸೇರುತ್ತದೆ. ಈ ಸಲ ಸಿಗ್ನಲ್ ಬಿಟ್ಟು ಹೊರಟಾಗಲೆಲ್ಲ ಕರಕರ ಸದ್ದು. ಚೈನು, ಅದು ಸುತ್ತುವ ಹಲ್ಲಿನ ಚಕ್ರ (ಸ್ಪ್ರಾಕೆಟ್) ಎರಡನ್ನೂ ಬದಲಿಸಬೇಕೆಂದು ಗ್ಯಾರೇಜಿನಲ್ಲಿ ಹೇಳಿದರು. ಹಿಂದಿನ ಸ್ಪ್ರಾಕೆಟ್ಟಿನ ಮೇಲೆ ಚೈನನ್ನು ಹಿಂದಕ್ಕೆ ಎಳೆದು ನೋಡಿದೆ. ಅದು ಹಲ್ಲುಗಳಿಂದ ಮೇಲೇಳಲಿಲ್ಲ. ಹಲ್ಲುಗಳೂ ಕೊಕ್ಕೆಯಂತೆ ಬಾಗಿರಲಿಲ್ಲ. ಅಂದರೆ ಚೈನು ಸವೆದಿಲ್ಲ, ಒಣಗಿದೆ ಅಷ್ಟೇ.

ಜೆ.ಸಿ. ರಸ್ತೆಯಲ್ಲಿ 90 ದರ್ಜೆಯ ಗೇರ್ ಆಯಿಲ್‌ನ ಸಣ್ಣ ಡಬ್ಬಿ ಕೊಂಡೆ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗದು, ಹಾಗಾಗಿ ಸ್ವಲ್ಪ ಡೀಸೆಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆಸರು ತೆಗೆದೆ. ಪೆಟ್ರೋಲ್ ಮಾತ್ರ ಬೇಡ. ಓ-ರಿಂಗ್, ಅಂದರೆ ಕೊಂಡಿಗಳ ನಡುವೆ ರಬ್ಬರ್ ಬಳೆ, ಇರುವ ಚೈನಾದರೆ ಆ ರಬ್ಬರ್ ಕೆಡುತ್ತದೆ. ಎಂಜಿನ್ ನಿಲ್ಲಿಸಿ, ನಡುಸ್ಟ್ಯಾಂಡ್ ಹಾಕಿ, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನ್ ಚಾಲೂ ಇಟ್ಟು ಚೈನು ಒರೆಸುವ ಶೂರರಿದ್ದಾರೆ, ಅವರ ಬೆರಳುಗಳನ್ನು ದೇವರೇ ಕಾಯಬೇಕು. ಎಣ್ಣೆಯನ್ನು ಚೈನಿನ ಒಳಬದಿಗೆ ಬಿಟ್ಟೆ; ಓಡುವಾಗ ಅದು ತಾನಾಗಿ ಹೊರಕ್ಕೆ ಹರಡುತ್ತದೆ. ರಾತ್ರಿಯಿಡೀ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿದೆ, ಇಲ್ಲವಾದರೆ ಕಚೇರಿಯ ಪ್ಯಾಂಟಿಗೆ ಚುಕ್ಕಿಗಳ ಅಲಂಕಾರ ಖಚಿತ.

ಸದ್ದು ಪೂರ್ತಿ ಹೋಯಿತು. ಹೊಸ ಚೈನಿಗೆ ಎತ್ತಿಟ್ಟಿದ್ದ ಹಣದಲ್ಲಿ ಒಂದು ಒಳ್ಳೆಯ ರೇನ್‌ಕೋಟ್ ಬಂತು.