ರಜೆಯ ಸ್ವಯಂ ಉತ್ತರ ಹೋಗುತ್ತಿಲ್ಲವೇ? ಮೊದಲು ಏಲಿಯಾಸ್ ನೋಡಿ
ಇಮೇಲ್ ಪೆಟ್ಟಿಗೆ ನೋಡಿಕೊಳ್ಳುವ ಸರ್ವರ್ ತಂತ್ರಾಂಶ ಡವ್‌ಕಾಟ್‌ನಲ್ಲಿ ಸೀವ್ (ಬಂದ ಅಂಚೆಗೆ ನಿಯಮ ಬರೆಯುವ ಭಾಷೆ) ಮೂಲಕ ‘ವೆಕೇಶನ್’ ಎಂಬ ಸ್ವಯಂ ಉತ್ತರ ಹಾಕಿದ ಮೇಲೂ ಕೆಲವರಿಗಷ್ಟೇ ಉತ್ತರ ಹೋಗುತ್ತಿದ್ದರೆ, ಬಹುಪಾಲು ಕಾರಣ ಏಲಿಯಾಸ್, ಅಂದರೆ ನಿಮ್ಮದೇ ಪೆಟ್ಟಿಗೆಗೆ ಬರುವ ಇನ್ನೊಂದು ವಿಳಾಸ. ಟು ಅಥವಾ ಸಿಸಿಯಲ್ಲಿ ನಿಮ್ಮದೆಂದು ಸೀವ್‌ಗೆ ಗೊತ್ತಿರುವ ವಿಳಾಸ ಇಲ್ಲದಿದ್ದರೆ ಅದು ಸುಮ್ಮನಿರುತ್ತದೆ. ಮೇಲಿಂಗ್ ಲಿಸ್ಟ್‌ಗೆ ಉತ್ತರ ಹೋಗದಂತೆ ಇರುವ ಕಾವಲಿದು, ತೆಗೆಯಬೇಡಿ. ಬದಲಿಗೆ ‘ಅಡ್ರೆಸಸ್’ ಆಯ್ಕೆಯಲ್ಲಿ ಎಲ್ಲ ಏಲಿಯಾಸ್‌ಗಳನ್ನೂ ಬರೆಯಿರಿ.

ಪರೀಕ್ಷಿಸುವಾಗ ಎಡವುವುದು ‘ಡೇಸ್’ ವಿಷಯದಲ್ಲಿ. ಅದು 7 ಇದ್ದರೆ ಒಬ್ಬರಿಗೆ ಏಳು ದಿನಕ್ಕೆ ಒಂದೇ ಉತ್ತರ. ಎರಡನೇ ಪತ್ರಕ್ಕೆ ಬರಲಿಲ್ಲವೆಂದು ಸಂರಚನೆ ಕೆದಕಬೇಡಿ, ಬೇರೆ ವಿಳಾಸದಿಂದ ಕಳುಹಿಸಿ. ‘ಹ್ಯಾಂಡಲ್’ (ಉತ್ತರವನ್ನು ಗುರುತಿಸುವ ಹೆಸರು) ಕೊಡದೆ ಒಕ್ಕಣೆ ಬದಲಿಸಿದರೆ ಎಲ್ಲರಿಗೂ ಮತ್ತೆ ಉತ್ತರ ಹೋಗುತ್ತದೆ.

ಹೊರಗಿನಿಂದ ಅಂಚೆ ಪಡೆಯುವ ಸರ್ವರ್ ಪೋಸ್ಟ್‌ಫಿಕ್ಸ್ ಆಗಿದ್ದರೆ, ಅದು ಅಂಚೆಯನ್ನು ಎಲ್‌ಎಂಟಿಪಿ (ಅಂಚೆ ಹಸ್ತಾಂತರಿಸುವ ಪ್ರೋಟೊಕಾಲ್) ಅಥವಾ ಡವ್‌ಕಾಟ್‌ನದೇ ಎಲ್‌ಡಿಎ (ಅಂಚೆಯನ್ನು ಪೆಟ್ಟಿಗೆಗೆ ಹಾಕುವ ಪ್ರೋಗ್ರಾಂ) ಮೂಲಕ ಡವ್‌ಕಾಟ್‌ಗೆ ಒಪ್ಪಿಸುತ್ತಿರಬೇಕು. ತಾನೇ ಪೆಟ್ಟಿಗೆಗೆ ಬರೆದರೆ ಸೀವ್ ಓಡುವುದೇ ಇಲ್ಲ. ಇಂದಿನ ದಿನಾಂಕ ನೋಡುವ ‘ಕರೆಂಟ್‌ಡೇಟ್’ ಷರತ್ತಿನಲ್ಲಿ ಮರಳುವ ದಿನಾಂಕ ಹಾಕಿದರೆ ಉತ್ತರ ತಾನಾಗಿ ನಿಲ್ಲುತ್ತದೆ.