ಹಳೆಯ ಉಪಗ್ರಹ ಸಂಪರ್ಕಗಳನ್ನು ಲಾಗ್‌ಬುಕ್ ಆಫ್ ದಿ ವರ್ಲ್ಡ್‌ಗೆ ಏರಿಸುವಾಗ

ಭಾರತದ ಹವ್ಯಾಸಿ ರೇಡಿಯೋ ಉಪಗ್ರಹ ಹ್ಯಾಮ್‌ಸ್ಯಾಟ್ (ವಿಓ-52) ಕಾಲದ ಕಾಗದದ ಲಾಗ್‌ಗಳನ್ನು, ರೇಡಿಯೋ ಸಂಪರ್ಕಗಳನ್ನು ಆನ್‌ಲೈನ್‌ನಲ್ಲಿ ದೃಢಪಡಿಸುವ ಲಾಗ್‌ಬುಕ್ ಆಫ್ ದಿ ವರ್ಲ್ಡ್‌ಗೆ ಏರಿಸುವ ರೇಡಿಯೋ ಹವ್ಯಾಸಿಗಳು, ಎಡಿಐಎಫ್ (ಲಾಗ್ ವಿನಿಮಯದ ರೂಪ) ಕಡತದ ಪ್ರತಿ ಸಂಪರ್ಕದಲ್ಲೂ ಪ್ರಸರಣ ವಿಧಾನದ ಜಾಗದಲ್ಲಿ ‘ಎಸ್‌ಎಟಿ’ ಎಂದೂ ಉಪಗ್ರಹದ ಹೆಸರಿನ ಜಾಗದಲ್ಲಿ, ನಡುವಿನ ಅಡ್ಡಗೆರೆಯನ್ನೂ ಸೇರಿಸಿ, ‘ವಿಓ-52’ ಎಂದೂ ಇಂಗ್ಲಿಷಿನಲ್ಲಿ ತುಂಬಿದ ಮೇಲೆಯೇ ಲಾಗ್‌ಗೆ ಡಿಜಿಟಲ್ ಸಹಿ ಹಾಕುವ ಟಿಕ್ಯುಎಸ್‌ಎಲ್ ತಂತ್ರಾಂಶದಲ್ಲಿ ಸಹಿ ಮಾಡುವುದು ಒಳ್ಳೆಯದು. ಇವೆರಡೂ ಖಾಲಿಯಿದ್ದರೆ ಅದು ಸಾಮಾನ್ಯ ಭೂ-ಸಂಪರ್ಕವೆಂದು ದಾಖಲಾಗಿ, ಎದುರಿನವರ ಉಪಗ್ರಹ ದಾಖಲೆಯೊಂದಿಗೆ ಹೊಂದುವುದೇ ಇಲ್ಲ. ವೇಳೆ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ವೇಳೆಯಲ್ಲಿ) ಇರಬೇಕು: ಪುಸ್ತಕದಲ್ಲಿ ಭಾರತೀಯ ವೇಳೆಯಂತೆ ಬೆಳಗಿನ 10:10 ಎಂದು ಬರೆದದ್ದು 04:40 ಆಗಬೇಕು, ಏಕೆಂದರೆ ಎರಡೂ ಕಡೆಯ ವೇಳೆಗಳ ನಡುವೆ ಅರ್ಧ ಗಂಟೆಗಿಂತ ಹೆಚ್ಚು ಅಂತರವನ್ನು ವ್ಯವಸ್ಥೆ ಒಪ್ಪುವುದಿಲ್ಲ. ಎದುರಿನವರು ತಮ್ಮ ಲಾಗ್ ಏರಿಸದಿದ್ದರೆ, ಅಥವಾ ಉಪಗ್ರಹದ ಹೆಸರಿಲ್ಲದೆ ಏರಿಸಿದ್ದರೆ, ಈ ಉಪಾಯ ನಡೆಯದು. ಆಗ ಸಂಪರ್ಕವನ್ನು ದೃಢಪಡಿಸುವ ಹಳೆಯ ಕ್ಯುಎಸ್‌ಎಲ್ ಕಾರ್ಡೇ ಗತಿ. ಆಗಿನ ಕರೆಸಂಕೇತ ಬೇರೆಯಾಗಿದ್ದರೆ, ಆ ಅವಧಿಯನ್ನು ಒಳಗೊಂಡ ಪ್ರತ್ಯೇಕ ಡಿಜಿಟಲ್ ಸಹಿ ಪ್ರಮಾಣಪತ್ರವನ್ನು ಮೊದಲೇ ಪಡೆಯಬೇಕು.